ಆರ್ಕೆಸ್ಟ್ರಾ ನಡೆಸುವುದು, ಸಂಗೀತ ಬರೆಯುವುದು: ಹಾಸನ, ಚಿಕ್ಕಮಗಳೂರಿನವರು ಪದೇ ಪದೇ ಕೇಳುವ ಪ್ರಶ್ನೆಗಳು

ಹಾಸನದಲ್ಲಿ ನಾನು ವಯಲಿನ್ ಮತ್ತು ಕೀಬೋರ್ಡ್ ಪಾಠ ಹೇಳುತ್ತೇನೆ. ಪಾಠ ಮುಗಿದ ಮೇಲೆ ಅಪ್ಪ ಅಮ್ಮಂದಿರು ಬಾಗಿಲ ಹತ್ತಿರ ನಿಂತು ಕೇಳುವುದು, ಸಕಲೇಶಪುರ, ಮೂಡಿಗೆರೆ, ಕಡೂರು ಕಡೆಯಿಂದ ಫೋನಿನಲ್ಲಿ, ಪತ್ರದಲ್ಲಿ ಬರುವುದು ಹೆಚ್ಚುಕಡಿಮೆ ಇವೇ ಪ್ರಶ್ನೆಗಳು. ಕೇಳಿದವರ ಮಾತಿನಲ್ಲೇ ಇಟ್ಟಿದ್ದೇನೆ. ಗಣಪತಿ ಹಬ್ಬಕ್ಕೆ ಸಿನಿಮಾ ಹಾಡು ಹೇಳುವ ತಂಡವನ್ನೂ ನಾವು ಆರ್ಕೆಸ್ಟ್ರಾ ಅನ್ನುತ್ತೇವೆ. ಇಲ್ಲಿರುವ ಮಾತು ಸಿಂಫನಿ ಆರ್ಕೆಸ್ಟ್ರಾ ಬಗ್ಗೆ, ಅಂದರೆ ತಂತಿವಾದ್ಯ, ಊದುವ ವಾದ್ಯ, ಡ್ರಮ್ಮಿನವರೆಲ್ಲ ಸೇರಿ ಪಾಶ್ಚಾತ್ಯ ಸಂಗೀತ ನುಡಿಸುವ ದೊಡ್ಡ ತಂಡದ ಬಗ್ಗೆ.

## ಮೊದಮೊದಲ ಪ್ರಶ್ನೆಗಳು

ಎಲ್ಲರೂ ಹಾಳೆ ನೋಡ್ಕೊಂಡೇ ನುಡಿಸ್ತಾರಲ್ಲ, ಮುಂದೆ ನಿಂತು ಕೈ ಆಡಿಸೋರು ಯಾಕೆ ಬೇಕು?

ದೊಡ್ಡ ಸಿಂಫನಿ ಆರ್ಕೆಸ್ಟ್ರಾದಲ್ಲಿ ಎಂಬತ್ತರಿಂದ ನೂರು ಜನ ಇರುತ್ತಾರೆ. ಕೊಳಲಿನವರ ಹಾಳೆಯಲ್ಲಿ ಕೊಳಲಿನ ಸ್ವರ ಮಾತ್ರ ಇರುತ್ತದೆ, ಡ್ರಮ್ಮಿನವರ ಹಾಳೆಯಲ್ಲಿ ಡ್ರಮ್ಮಿನದು ಮಾತ್ರ. ಎಲ್ಲರ ಸ್ವರವೂ ಒಂದರ ಕೆಳಗೊಂದು ಬರೆದಿರುವ ಪುಸ್ತಕ, ಅಂದರೆ ಸ್ಕೋರ್, ಇರುವುದು ಮುಂದೆ ನಿಂತು ನಡೆಸುವ ಕಂಡಕ್ಟರ್ ಹತ್ತಿರ.

ಬೀಥೋವನ್‌ರ ಐದನೇ ಸಿಂಫನಿಯ ಶುರುವಿನ ನಾಲ್ಕು ಸ್ವರ ನೀವು ಕೇಳಿಯೇ ಇರುತ್ತೀರಿ. ಮೂರು ಗಿಡ್ಡ, ಒಂದು ಉದ್ದ. ಆದರೆ ಹಾಳೆಯಲ್ಲಿ ಮೊದಲು ಬರೆದಿರುವುದು ಸ್ವರವಲ್ಲ, ಅರ್ಧ ಎಣಿಕೆಯ ಮೌನ. ಅರ್ಧ ಎಣಿಕೆ ಬಿಟ್ಟು ಎತ್ತಿಕೊಳ್ಳುವ ಕೃತಿ ಹಾಡಿದವರಿಗೆ ಇದರ ಕಷ್ಟ ಗೊತ್ತು. ಒಬ್ಬರು ಹಾಡುವಾಗಲೇ ಕಷ್ಟ. ಇಲ್ಲಿ ವಯಲಿನ್, ವಿಯೋಲಾ, ಚೆಲ್ಲೋ, ಡಬಲ್ ಬಾಸ್‌ನವರ ಇಡೀ ಗುಂಪು, ಜೊತೆಗೆ ಎರಡು ಕ್ಲಾರಿನೆಟ್, ಎಲ್ಲರೂ ಆ ಮೌನದ ಆಚೆ ಒಂದೇ ಕ್ಷಣದಲ್ಲಿ ಬೀಳಬೇಕು. ಕಂಡಕ್ಟರ್ ಕೋಲು ಎತ್ತುವ ಆ ಒಂದು ಚಲನೆಯಲ್ಲೇ ವೇಗ ಎಷ್ಟು, ಸದ್ದು ಎಷ್ಟು, ಒತ್ತು ಹೇಗೆ ಅನ್ನುವುದೆಲ್ಲ ಇರಬೇಕು. ಬಾಯಿ ಬಿಟ್ಟು ಎಣಿಸುವ ಹಾಗಿಲ್ಲ.

ಇದು ಕಣ್ಣಿಗೆ ಕಾಣುವ ಭಾಗ. ಕೆಲಸದ ಬಹುಪಾಲು ರಿಹರ್ಸಲ್‌ನಲ್ಲಿ ಆಗಿರುತ್ತದೆ. ಯಾರು ಜೋರಾದರು, ಯಾರ ಶ್ರುತಿ ಜಾರಿತು, ಯಾವ ಸಾಲು ಎಲ್ಲಿ ಉಸಿರು ತೆಗೆದುಕೊಳ್ಳಬೇಕು ಅಂತ ಕೇಳಿ ತಿದ್ದುವುದೇ ಅಸಲಿ ಕಸುಬು. ಕೈಗಿಂತ ಕಿವಿ ದೊಡ್ಡದು.

ಮೊದಲಿಂದಲೂ ಹೀಗೇ ಇತ್ತಾ?

ಇಲ್ಲ. ತಂಡ ಚಿಕ್ಕದಿದ್ದಾಗ ಮೊದಲ ವಯಲಿನ್‌ನವರೋ ಹಾರ್ಪ್ಸಿಕಾರ್ಡ್ ಎಂಬ ಹಳೆಯ ಕೀಬೋರ್ಡಿಗೆ ಕೂತವರೋ ನುಡಿಸುತ್ತಲೇ ನಡೆಸುತ್ತಿದ್ದರು. ಫ್ರಾನ್ಸಿನ ಸಂಯೋಜಕ ಲುಲ್ಲಿ ದೊಡ್ಡ ದೊಣ್ಣೆಯನ್ನು ನೆಲಕ್ಕೆ ಕುಟ್ಟಿ ತಾಳ ಹಾಕುತ್ತಿದ್ದರು. ಒಮ್ಮೆ ಅದು ಕಾಲಿಗೇ ಬಿದ್ದು, ಗಾಯ ಕೊಳೆತು 1687ರಲ್ಲಿ ತೀರಿಕೊಂಡರು. ಸಣ್ಣ ಕೋಲು ಹಿಡಿದು ಮುಂದೆ ನಿಲ್ಲುವ ಪದ್ಧತಿ ಬೇರೂರಿದ್ದು 19ನೇ ಶತಮಾನದಲ್ಲಿ, ಮೆಂಡೆಲ್ಸನ್‌ರಂಥವರ ಕಾಲಕ್ಕೆ.

ನಮ್ಮ ಕಡೆಗೂ ಇದಕ್ಕೂ ಏನ್ ಸಂಬಂಧ ಸಾರ್?

ನೀವು ಅಂದುಕೊಂಡಿದ್ದಕ್ಕಿಂತ ಜಾಸ್ತಿ ಇದೆ. ಹಾಸನವೂ, ಆಗ ಕಡೂರು ಜಿಲ್ಲೆ ಅನ್ನಿಸಿಕೊಂಡಿದ್ದ ಚಿಕ್ಕಮಗಳೂರೂ ಮೈಸೂರು ಸಂಸ್ಥಾನದಲ್ಲಿದ್ದವು. ಆ ಸಂಸ್ಥಾನದ ಕೊನೆಯ ಅರಸರಾದ ಜಯಚಾಮರಾಜ ಒಡೆಯರ್ ಪಿಯಾನೋ ಚೆನ್ನಾಗಿ ಬಲ್ಲವರು. ಶ್ರೀವಿದ್ಯಾ ಅಂಕಿತದಲ್ಲಿ ಕರ್ನಾಟಕ ಸಂಗೀತದ ಕೃತಿಗಳನ್ನೂ ರಚಿಸಿದರು. ಲಂಡನ್ನಿನ ಫಿಲ್ಹಾರ್ಮೋನಿಯಾ ಕನ್ಸರ್ಟ್ ಸೊಸೈಟಿಯ ಮೊದಲ ಅಧ್ಯಕ್ಷರು ಅವರೇ. ರಷ್ಯದ ಮೆಟ್ನರ್ ಎಂಬ ಸಂಯೋಜಕರು ಲಂಡನ್ನಿನಲ್ಲಿ ಕಷ್ಟದಲ್ಲಿದ್ದಾಗ ಅವರ ಸಂಗೀತದ ರೆಕಾರ್ಡಿಂಗಿಗೆ ಹಣ ಕೊಟ್ಟರು. ಮೆಟ್ನರ್ ತಮ್ಮ ಮೂರನೇ ಪಿಯಾನೋ ಕನ್ಚೆರ್ಟೋವನ್ನು, ಅಂದರೆ ಪಿಯಾನೋ ಮುಂದಿದ್ದು ಆರ್ಕೆಸ್ಟ್ರಾ ಜೊತೆಗಿರುವ ಕೃತಿಯನ್ನು, ಮೈಸೂರು ಮಹಾರಾಜರಿಗೇ ಅರ್ಪಿಸಿದರು. ರಿಚರ್ಡ್ ಸ್ಟ್ರೌಸ್ ಕೊನೆಗಾಲದಲ್ಲಿ ಬರೆದ ನಾಲ್ಕು ಹಾಡುಗಳು ಮೊದಲ ಸಲ ಕೇಳಿಸಿದ್ದು 1950ರ ಮೇ 22ರಂದು, ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲ್‌ನಲ್ಲಿ. ನಡೆಸಿದವರು ಫುರ್ಟ್‌ವೆಂಗ್ಲರ್. ಆ ಕಚೇರಿಯ ಖರ್ಚಿಗೂ ನಮ್ಮ ಮಹಾರಾಜರೇ ಹೊಣೆ ನಿಂತರು.

ಇನ್ನು ಕಿವಿಯ ಮಾತಿಗೆ ಬಂದರೆ, ಅರಕಲಗೂಡು ತಾಲ್ಲೂಕಿನ ರುದ್ರಪಟ್ಟಣ ನಮ್ಮ ಜಿಲ್ಲೆಯದೇ. ಆರ್. ಕೆ. ಶ್ರೀಕಂಠನ್, ರುದ್ರಪಟ್ಟಣ ಸಹೋದರರು ಬಂದದ್ದು ಕಾವೇರಿ ದಂಡೆಯ ಆ ಒಂದು ಹಳ್ಳಿಯಿಂದ. ಅಂಥ ನೆಲದ ಮಕ್ಕಳಿಗೆ ಸೂಕ್ಷ್ಮ ಕಿವಿ ಇಲ್ಲ ಅಂತ ನಾನು ಒಪ್ಪುವುದಿಲ್ಲ.

## ಕಲಿಕೆ

ಮಗಳು ಕರ್ನಾಟಕ ಸಂಗೀತ ಕಲೀತಿದ್ದಾಳೆ. ಅದನ್ನ ಬಿಡಿಸಬೇಕಾ?

ದಯವಿಟ್ಟು ಬಿಡಿಸಬೇಡಿ. ಶ್ರುತಿ ಹಿಡಿಯುವುದು, ತಾಳ ತಪ್ಪದೆ ಇರುವುದು, ಕೇಳಿದ್ದನ್ನು ನೆನಪಿಟ್ಟು ಹಾಡುವುದು ಅವಳಿಗೆ ಆಗಲೇ ಬಂದಿರುತ್ತದೆ. ಸಂಗೀತ ಕಾಲೇಜಿನಲ್ಲಿ ಹೊಸಬರು ವರ್ಷಗಟ್ಟಲೆ ಒದ್ದಾಡುವುದು ಇವಕ್ಕೇ. ಅವಳಿಗೆ ಇಲ್ಲದಿರುವುದು ಎರಡು: ಐದು ಗೆರೆಯ ಸ್ವರಲಿಪಿ ನೋಡಿದ ತಕ್ಷಣ ಓದುವುದು, ಒಂದೇ ಹೊತ್ತಿನಲ್ಲಿ ಮೂರು ನಾಲ್ಕು ಸ್ವರಗಳನ್ನು ಬಿಡಿಬಿಡಿಯಾಗಿ ಕೇಳಿಸಿಕೊಳ್ಳುವುದು. ಅದಕ್ಕೆ ಕೀಬೋರ್ಡ್ ಅಥವಾ ಪಿಯಾನೋ ಸೇರಿಸಿ.

ವಯಲಿನ್ ಕಲಿಯುತ್ತಿದ್ದರೆ ಮಾತ್ರ ಸ್ವಲ್ಪ ಯೋಚಿಸಬೇಕು. ನಮ್ಮಲ್ಲಿ ತಂತಿಗಳನ್ನು ಸ-ಪ-ಸ-ಪ ಅಂತ ಕೂಡಿಸಿ, ನೆಲದ ಮೇಲೆ ಕೂತು, ವಾದ್ಯದ ತುದಿಯನ್ನು ಪಾದಕ್ಕೆ ಆನಿಸಿ ನುಡಿಸುತ್ತೇವೆ. ಪಾಶ್ಚಾತ್ಯ ಪದ್ಧತಿಯಲ್ಲಿ ಕೂಡಿಸುವ ಕ್ರಮ ಬೇರೆ, ಹಿಡಿಯುವ ರೀತಿ ಬೇರೆ, ಕಮಾನಿನ ಭಾರವೂ ಬೇರೆ. ಎರಡನ್ನೂ ಒಟ್ಟಿಗೆ ಶುರು ಮಾಡಿದ ಮಗುವಿನ ಎಡಗೈ ಗೊಂದಲಕ್ಕೆ ಬೀಳುತ್ತದೆ. ಒಂದು ಗಟ್ಟಿಯಾಗಲಿ, ಆಮೇಲೆ ಇನ್ನೊಂದು.

ಎಷ್ಟನೇ ವಯಸ್ಸಿಗೆ ಶುರು ಮಾಡ್ಬೇಕು? ಯಾವ ವಾದ್ಯ?

ವಾದ್ಯ ಆರೇಳು ವರ್ಷಕ್ಕೆ ಶುರುವಾದರೆ ಒಳ್ಳೆಯದು. ಹನ್ನೆರಡಕ್ಕೆ ಶುರುವಾದರೂ ಹೊತ್ತು ಮೀರಿಲ್ಲ. ಕಂಡಕ್ಟಿಂಗ್‌ಗೆ ಅವಸರ ಬೇಡ, ಅದು ಹದಿನಾರು ಹದಿನೇಳು ದಾಟಿದ ಮೇಲಿನ ಮಾತು. ಪಿಯಾನೋ ಬೇಕೇ ಬೇಕು, ಯಾಕೆಂದರೆ ಸ್ಕೋರನ್ನು ಕೈಯಲ್ಲಿ ನುಡಿಸಿ ನೋಡಲು ಬೇರೆ ದಾರಿಯಿಲ್ಲ. ಜೊತೆಗೆ ಆರ್ಕೆಸ್ಟ್ರಾದ ಒಳಗೆ ಕೂತು ನುಡಿಸುವ ಒಂದು ವಾದ್ಯವೂ ಬೇಕು. ಹೆಸರಾಂತ ಕಂಡಕ್ಟರ್ ಜುಬಿನ್ ಮೆಹ್ತಾ ವಿಯೆನ್ನಾದಲ್ಲಿ ಓದುವಾಗ ಡಬಲ್ ಬಾಸ್ ನುಡಿಸುತ್ತಿದ್ದರು. ಹಿಂದಿನ ಸಾಲಿನಲ್ಲಿ ಕೂತು ಇನ್ನೊಬ್ಬರ ಕೋಲು ನೋಡಿದವರಿಗೇ ಕೋಲು ಸ್ಪಷ್ಟವಾಗಿ ಇರಬೇಕು ಅನ್ನುವುದು ಮನದಟ್ಟಾಗುವುದು.

ನಮ್ದು ಮೂಡಿಗೆರೆ ತೋಟ. ನಿಜವಾದ ಪಿಯಾನೋ ತಗೋಬೇಕಾ, ಡಿಜಿಟಲ್ ಸಾಕಾ?

ಮಲೆನಾಡಿನಲ್ಲಿದ್ದರೆ ಡಿಜಿಟಲ್ ಅನ್ನೇ ತೆಗೆದುಕೊಳ್ಳಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬಟ್ಟೆಯೇ ಒಣಗದ ಮನೆಯಲ್ಲಿ ಪಿಯಾನೋ ಪಾಡು ಕೇಳಬೇಡಿ. ಒಳಗಿನ ಫೆಲ್ಟ್ ಬಟ್ಟೆ ಉಬ್ಬುತ್ತದೆ, ಒತ್ತಿದ ಮನೆ (ಕೀ) ಮೇಲೆ ಬರುವುದಿಲ್ಲ, ತಂತಿಗೆ ತುಕ್ಕು, ಮರಕ್ಕೆ ಬೂಷ್ಟು. ಹಳೇ ಎಸ್ಟೇಟ್ ಬಂಗಲೆಗಳಲ್ಲಿ ಶೋಭೆಗೆ ನಿಂತಿರುವ ಪಿಯಾನೋಗಳಲ್ಲಿ ಇದನ್ನೇ ನೋಡುತ್ತೇವೆ. ಶ್ರುತಿ ಮಾಡುವವರನ್ನು ಬೆಂಗಳೂರಿನಿಂದ ವರ್ಷಕ್ಕೆ ಎರಡು ಸಲ ಕರೆಸಬೇಕು.

ಡಿಜಿಟಲ್ ಅಂದರೆ ಮಕ್ಕಳ ಆಟದ ಕೀಬೋರ್ಡ್ ಅಲ್ಲ. 88 ಮನೆ ಇರಬೇಕು, ಮನೆಗೆ ತೂಕ ಇರಬೇಕು, ಪೆಡಲ್ ಇರಬೇಕು. ನಲವತ್ತು ಐವತ್ತು ಸಾವಿರಕ್ಕೆ ಶುರುವಿಗೆ ಸಾಕಾಗುವಂಥದ್ದು ಸಿಗುತ್ತದೆ. ವಯಲಿನ್ ಇದ್ದರೂ ಎಚ್ಚರ ಇರಲಿ: ಥಂಡಿಗೆ ಅಂಟು ಸಡಿಲವಾಗಿ ಅಂಚು ಬಾಯಿ ಬಿಡುತ್ತದೆ. ಸಿಲಿಕಾ ಜೆಲ್ ಪೊಟ್ಟಣ ಹಾಕಿ ಪೆಟ್ಟಿಗೆಯಲ್ಲೇ ಇಡಿ, ಆಗಾಗ ಪೊಟ್ಟಣ ಬದಲಿಸಿ. ಒಲೆ ಪಕ್ಕ ಇಟ್ಟು ಒಣಗಿಸಲು ಹೋಗಬೇಡಿ.

ಟ್ರಿನಿಟಿ ಎಂಟನೇ ಗ್ರೇಡ್ ಆದ್ರೆ ಆಯ್ತಲ್ಲ?

ಟ್ರಿನಿಟಿ, ಎಬಿಆರ್‌ಎಸ್‌ಎಂ ಎರಡೂ ಲಂಡನ್ನಿನ ಸಂಗೀತ ಪರೀಕ್ಷಾ ಮಂಡಳಿಗಳು. ಎರಡರಲ್ಲೂ ಎಂಟು ಗ್ರೇಡ್ ಇವೆ, ಆಮೇಲೆ ಡಿಪ್ಲೊಮಾಗಳು. ಎಂಟನೇ ಗ್ರೇಡ್ ಅಂದರೆ ಹೊಸ್ತಿಲಿಗೆ ಬಂದಿದ್ದೀರಿ ಅಂತ. ಸರ್ಟಿಫಿಕೇಟ್‌ಗಾಗಿ ವರ್ಷಕ್ಕೆ ಮೂರೇ ಮೂರು ಪಾಠ ಉರು ಹೊಡೆಸುವುದು ನನಗೆ ಇಷ್ಟವಿಲ್ಲ. ಗ್ರೇಡ್ ಆರಿರಲಿ, ಆದರೆ ಮಗು ಹೊಸ ಹಾಳೆ ಇಟ್ಟರೆ ತಡವರಿಸದೆ ಓದಲಿ. ಥಿಯರಿ ಪರೀಕ್ಷೆಯನ್ನು ಮಾತ್ರ ಬಿಡಿಸಬೇಡಿ.

ಇಲ್ಲಿ ಆರ್ಕೆಸ್ಟ್ರಾನೇ ಇಲ್ಲ. ಕಂಡಕ್ಟಿಂಗ್ ಅಭ್ಯಾಸ ಯಾರ ಮೇಲೆ ಮಾಡೋದು?

ಇಷ್ಟೂ ಪ್ರಶ್ನೆಗಳಲ್ಲಿ ಮುಖ್ಯವಾದದ್ದು ಇದೇ. ಕಂಡಕ್ಟರ್‌ಗೆ ವಾದ್ಯ ಅಂದರೆ ಮನುಷ್ಯರು. ಕೋಣೆಯ ಬಾಗಿಲು ಹಾಕಿಕೊಂಡು, ಕನ್ನಡಿ ಮುಂದೆ ಕೋಲು ಬೀಸಿ, ಯೂಟ್ಯೂಬ್ ಜೊತೆ ಕೈ ಆಡಿಸಿದರೆ ಅದು ಬರುವುದಿಲ್ಲ. ರೆಕಾರ್ಡಿಂಗ್ ನಿಮ್ಮ ಕೈ ನೋಡುವುದಿಲ್ಲ, ಅದರ ಪಾಡಿಗೆ ಅದು ನಡೆಯುತ್ತದೆ. ನೀವು ಅದನ್ನು ಹಿಂಬಾಲಿಸುತ್ತಿರುತ್ತೀರಿ, ನಡೆಸುತ್ತಿಲ್ಲ.

ಆದ್ದರಿಂದ ಇರುವವರನ್ನು ಸೇರಿಸಿ. ಹಾಸನದಲ್ಲಿ, ಚಿಕ್ಕಮಗಳೂರಿನಲ್ಲಿ ಚರ್ಚುಗಳಿವೆ, ಅಲ್ಲಿ ಗಾಯನ ತಂಡಗಳಿವೆ. ನಾಲ್ಕು ಧ್ವನಿಯ ಹಾಡು ಕೇಳಲು ಅದಕ್ಕಿಂತ ಹತ್ತಿರದ ಜಾಗ ಇಲ್ಲ. ಹೋಗಿ ಕೇಳಿ, ಹಿಂದಿನ ಸಾಲಿನಲ್ಲಿ ನಿಂತು ಹಾಡಲು ಬಿಡುತ್ತಾರಾ ಅಂತ. ಶಾಲೆಗಳಲ್ಲಿ ಪಥಸಂಚಲನದ ಬ್ಯಾಂಡ್ ಇದೆ. ಮದುವೆ ಬ್ಯಾಂಡ್‌ಸೆಟ್‌ನವರಲ್ಲಿ ಟ್ರಂಪೆಟ್, ಕ್ಲಾರಿನೆಟ್ ಎದೆ ತುಂಬಿ ಊದುವವರಿದ್ದಾರೆ. ಮೂರು ವಯಲಿನ್, ಒಂದು ಕೊಳಲು, ಒಂದು ಕೀಬೋರ್ಡ್ ಸಿಕ್ಕರೆ ಸಾಕು. ನಾಲ್ಕು ಸಾಲಿನ ಒಂದು ಸರಳ ರಾಗ ತೆಗೆದುಕೊಳ್ಳಿ, ಮೂರು ಧ್ವನಿಗೆ ಬರೆಯಿರಿ, ಹಾಳೆ ಹಂಚಿ, ನುಡಿಸಿ. ಅರ್ಧ ಗಂಟೆಯಲ್ಲಿ ನಿಮಗೆ ತಿಳಿಯುತ್ತದೆ: ಹಾಳೆಯಲ್ಲಿ ಚಂದ ಕಂಡ ಜಾಗ ಕೊಳಲಿಗೆ ಉಸಿರಾಡಲು ಬಿಡುತ್ತಿಲ್ಲ, ಎರಡನೇ ವಯಲಿನ್ ಕೇಳಿಸುತ್ತಲೇ ಇಲ್ಲ. ಸಂಯೋಜನೆಯ ಪಾಠ ಅದು, ಕಂಡಕ್ಟಿಂಗ್ ಪಾಠವೂ ಅದೇ.

ಕೈಯ ಅಭ್ಯಾಸ ಸುಲಭ. ನಾಲ್ಕರ ಎಣಿಕೆಗೆ ಬಲಗೈ ಕೆಳಗೆ, ಎಡಕ್ಕೆ, ಬಲಕ್ಕೆ, ಮೇಲೆ. ಮೂರಕ್ಕೆ ಕೆಳಗೆ, ಬಲಕ್ಕೆ, ಮೇಲೆ. ಎಡಗೈ ಇದನ್ನೇ ಕನ್ನಡಿಯಂತೆ ಮಾಡುವುದು ಬೇಡ. ಅದು ಸದ್ದು ಏರಿಸಲು, ಇಳಿಸಲು, ಒಬ್ಬರನ್ನು ಒಳಗೆ ಕರೆಯಲು ಇರಲಿ. ಆದಿತಾಳ ಹಾಕುತ್ತಾ ಬೆಳೆದ ಮಕ್ಕಳಿಗೆ ಬಲಗೈ ವಾರದಲ್ಲಿ ಬರುತ್ತದೆ. ಮುಂದೆ ನಿಂತಾಗ ಎದುರಿನವರ ಕಣ್ಣು ನೋಡುವ ಧೈರ್ಯ ಬರಲು ಜಾಸ್ತಿ ದಿನ ಬೇಕು.

## ಓದು, ಖರ್ಚು, ದುಡಿಮೆ

ಪಿಯುಸಿ ಸೈನ್ಸ್ ಓದ್ತಿದ್ದಾನೆ. ಎಲ್ಲ ಬಿಟ್ಟು ಇದಕ್ಕೇ ಇಳೀತೀನಿ ಅಂತಾನೆ. ಏನ್ ಮಾಡೋದು?

ಪಿಯುಸಿ ಮುಗಿಸಲಿ. ಹೊರದೇಶದಲ್ಲಿ ಅರ್ಜಿ ಹಾಕಲೂ ಅದು ಬೇಕು. ಜುಬಿನ್ ಮೆಹ್ತಾ ಮುಂಬಯಿಯಲ್ಲಿ ಡಾಕ್ಟರಾಗುವ ಹಾದಿ ಹಿಡಿದಿದ್ದವರು. 1954ರಲ್ಲಿ, ಹದಿನೆಂಟಕ್ಕೆ, ವಿಯೆನ್ನಾಗೆ ಹೋಗಿ ಹಾನ್ಸ್ ಸ್ವರೋವ್‌ಸ್ಕಿ ಹತ್ತಿರ ಕಲಿತರು. 1958ರಲ್ಲಿ ಲಿವರ್‌ಪೂಲ್ ಸ್ಪರ್ಧೆ ಗೆದ್ದರು. ಆದರೆ ಅವರ ತಂದೆ ಮೆಹ್ಲಿ ಮೆಹ್ತಾ ಮುಂಬಯಿಯಲ್ಲಿ ಸಿಂಫನಿ ಆರ್ಕೆಸ್ಟ್ರಾ ಕಟ್ಟಿದವರು. ಹುಡುಗ ಆರ್ಕೆಸ್ಟ್ರಾ ರಿಹರ್ಸಲ್ ಕೇಳುತ್ತಲೇ ಬೆಳೆದ. ನಮ್ಮ ಹುಡುಗರಿಗೆ ಅದಿಲ್ಲ. ಅದಕ್ಕೇ ಎರಡು ಮೂರು ವರ್ಷ ಬೆಂಗಳೂರಿನಲ್ಲಿ ಡಿಗ್ರಿ ಓದುತ್ತಾ ಅಲ್ಲಿನ ಗಾಯನ ತಂಡ, ವಾದ್ಯ ತಂಡಗಳಲ್ಲಿ ಸೇರಿಕೊಳ್ಳುವುದು ನನಗೆ ಸರಿ ಅನ್ನಿಸುತ್ತದೆ. ಬೆಂಗಳೂರು ಸ್ಕೂಲ್ ಆಫ್ ಮ್ಯೂಸಿಕ್ 1987ರಿಂದ ಇದೆ. ಹಾಸನದಿಂದ ರೈಲಿದೆ, ವಾರಾಂತ್ಯಕ್ಕೆ ಹೋಗಿ ಬರುವವರೂ ಇದ್ದಾರೆ.

ಹೊರದೇಶ ಅಂದ್ರೆ ಕೋಟಿ ಬೇಕಲ್ವಾ?

ಎಲ್ಲ ಕಡೆಯೂ ಅಲ್ಲ. ಲಂಡನ್ನಿನ ದೊಡ್ಡ ಸಂಗೀತ ಕಾಲೇಜುಗಳಲ್ಲಿ ಹೊರದೇಶದವರಿಗೆ ಫೀಸೇ ವರ್ಷಕ್ಕೆ 25,000 ಪೌಂಡ್ ದಾಟುತ್ತದೆ. ವಿಯೆನ್ನಾದ ಸಂಗೀತ ವಿಶ್ವವಿದ್ಯಾಲಯ ಸರ್ಕಾರದ್ದು, ಹೊರಗಿನವರಿಗೂ ಸೆಮಿಸ್ಟರಿಗೆ ಸುಮಾರು 730 ಯೂರೋ ಆಸುಪಾಸು. ಜರ್ಮನಿಯ ಹೆಚ್ಚಿನ ಸರ್ಕಾರಿ ಸಂಗೀತ ಕಾಲೇಜುಗಳಲ್ಲಿ ಫೀಸಿಲ್ಲ, ಆದರೆ ಕೆಲವು ಕಡೆ ಹೊರದೇಶದವರಿಗೆ ಇದೆ, ಬಾಡೆನ್-ವುರ್ಟೆಂಬರ್ಗ್ ರಾಜ್ಯದಲ್ಲಿ ಸೆಮಿಸ್ಟರಿಗೆ 1,500 ಯೂರೋ. ಅಮೆರಿಕದ ಫಿಲಡೆಲ್ಫಿಯಾದ ಕರ್ಟಿಸ್ ಸಂಸ್ಥೆ 1928ರಿಂದ ಯಾರಿಂದಲೂ ಬೋಧನಾ ಶುಲ್ಕ ತೆಗೆದುಕೊಂಡಿಲ್ಲ, ಆದರೆ ಸೀಟು ಬೆರಳೆಣಿಕೆ. ಊಟ, ಬಾಡಿಗೆ ಎಲ್ಲಿದ್ದರೂ ನಿಮ್ಮದೇ. ಜರ್ಮನ್ ಭಾಷೆಯನ್ನು ಹೋಗುವ ಮೊದಲೇ ಕಲಿಯಿರಿ. ಭಾಷೆ ಬಾರದವರು ರಿಹರ್ಸಲ್ ನಡೆಸುವುದಾದರೂ ಹೇಗೆ?

ಪ್ರವೇಶ ಪರೀಕ್ಷೇಲಿ ಏನ್ ಕೇಳ್ತಾರೆ?

ಪಿಯಾನೋ ನುಡಿಸಬೇಕು. ಹೊಸ ಸ್ಕೋರ್ ಕೊಟ್ಟರೆ ಅದನ್ನು ಪಿಯಾನೋ ಮೇಲೆ ತೋರಿಸಬೇಕು. ಕೇಳಿದ ಸ್ವರಗುಚ್ಛ ಗುರುತಿಸಿ ಹಾಡಬೇಕು. ಹಾರ್ಮನಿ, ಅಂದರೆ ಒಟ್ಟಿಗೆ ನುಡಿಯುವ ಸ್ವರಗಳ ಜೋಡಣೆ, ಬರೆಯಬೇಕು. ಎರಡು ಪಿಯಾನೋ ಅಥವಾ ಒಂದು ಸಣ್ಣ ತಂಡವನ್ನು ನಡೆಸಬೇಕು. ಹೆಚ್ಚಿನವರು ಬೀಳುವುದು ಕೋಲಿನಲ್ಲಲ್ಲ, ಕಿವಿ ಪರೀಕ್ಷೆಯಲ್ಲಿ ಮತ್ತು ಸ್ಕೋರ್ ಓದುವುದರಲ್ಲಿ.

ಕೆಲಸ ಸಿಗುತ್ತಾ? ನೇರವಾಗಿ ಹೇಳಿ.

ಭಾರತದಲ್ಲಿ ಸಂಬಳ ಕೊಟ್ಟು ಕಲಾವಿದರನ್ನು ಇಟ್ಟುಕೊಂಡ ವೃತ್ತಿಪರ ಸಿಂಫನಿ ಆರ್ಕೆಸ್ಟ್ರಾ ಒಂದೇ: 2006ರಲ್ಲಿ ಮುಂಬಯಿಯ ಎನ್‌ಸಿಪಿಎ ಕಲಾಕೇಂದ್ರದಲ್ಲಿ ಶುರುವಾದ ಸಿಂಫನಿ ಆರ್ಕೆಸ್ಟ್ರಾ ಆಫ್ ಇಂಡಿಯಾ. ಹಾಗಾಗಿ ಕಂಡಕ್ಟರ್ ಹುದ್ದೆ ಅಂತ ಇಲ್ಲಿ ಕಾದು ಕೂರುವ ಹಾಗಿಲ್ಲ. ಜರ್ಮನಿಯಲ್ಲಿ ಊರೂರಿಗೆ ಒಪೆರಾ, ಅಂದರೆ ಹಾಡಿನಲ್ಲೇ ನಡೆಯುವ ನಾಟಕದ, ಮಂದಿರ ಇದೆ. ಗಾಯಕರಿಗೆ ಪಿಯಾನೋ ನುಡಿಸಿ ಪಾಠ ಹೇಳುವ ಕೆಲಸದಿಂದ ಮೇಲೇರುತ್ತಾ ಕೋಲು ಹಿಡಿಯುವುದು ಅಲ್ಲಿನ ಹಳೆಯ ದಾರಿ.

ಇಲ್ಲಿ ಬದುಕು ಕಟ್ಟಿಕೊಂಡವರು ಹಲವು ಕೆಲಸ ಸೇರಿಸಿ ಕಟ್ಟಿಕೊಂಡಿದ್ದಾರೆ. ಅಂತರರಾಷ್ಟ್ರೀಯ ಶಾಲೆಗಳಲ್ಲಿ ಪಾಠ, ಗಾಯನ ತಂಡ ನಡೆಸುವುದು, ಸಿನಿಮಾಕ್ಕೆ ವಾದ್ಯ ಸಂಯೋಜನೆ. ದಕ್ಷಿಣದ ಸಿನಿಮಾದವರು ಹಿನ್ನೆಲೆ ಸಂಗೀತವನ್ನು ಬುಡಾಪೆಸ್ಟ್, ಉತ್ತರ ಮ್ಯಾಸಿಡೋನಿಯಾದ ಆರ್ಕೆಸ್ಟ್ರಾಗಳಲ್ಲಿ ರೆಕಾರ್ಡ್ ಮಾಡಿಸುತ್ತಾರೆ. ಅದಕ್ಕೆ ತಪ್ಪಿಲ್ಲದ ಸ್ಕೋರ್ ಬರೆದುಕೊಡುವವರು ಬೇಕು. ಜನ ಮರೆಯುವ ಇನ್ನೊಂದು ದಾರಿ ಸೇನೆ. ಭೂಸೇನೆಯ ಮಿಲಿಟರಿ ಮ್ಯೂಸಿಕ್ ವಿಂಗ್ ಮಧ್ಯಪ್ರದೇಶದ ಪಚ್‌ಮಢಿಯಲ್ಲಿದೆ, ನೌಕಾಪಡೆಯ ಸಂಗೀತ ಶಾಲೆ ಮುಂಬಯಿಯ ಐಎನ್‌ಎಸ್ ಕುಂಜಾಲಿಯಲ್ಲಿದೆ. ಊದುವ ವಾದ್ಯ ಬಲ್ಲ ಹುಡುಗರಿಗೆ ಊಟ, ಸಂಬಳ, ನಿತ್ಯ ಒಂದು ತಂಡದ ಜೊತೆ ನುಡಿಸುವ ಶಿಸ್ತು ಮೂರೂ ಒಟ್ಟಿಗೆ ಸಿಗುವುದು ಅಲ್ಲೇ.

ಹೆಣ್ಣುಮಕ್ಕಳನ್ನ ಒಪ್ತಾರಾ?

ಒಪ್ಪಲು ತಡ ಮಾಡಿದರು. ವಿಯೆನ್ನಾ ಫಿಲ್ಹಾರ್ಮೋನಿಕ್ ಹೆಂಗಸರನ್ನು ಸದಸ್ಯರಾಗಿ ಸೇರಿಸಿಕೊಂಡದ್ದೇ 1997ರಲ್ಲಿ. ಮರಿನ್ ಆಲ್ಸಪ್ 2007ರಲ್ಲಿ ಬಾಲ್ಟಿಮೋರ್ ಸಿಂಫನಿಯ ಮುಖ್ಯಸ್ಥೆಯಾದರು. ಅಮೆರಿಕದ ದೊಡ್ಡ ಆರ್ಕೆಸ್ಟ್ರಾವೊಂದಕ್ಕೆ ಅವರೇ ಮೊದಲ ಮಹಿಳೆ. ಈಗ ಬಾಗಿಲು ತೆರೆದಿದೆ. ನನ್ನ ಹತ್ತಿರ ಬರುವವರಲ್ಲಿ ಕಿವಿ ಚುರುಕಾಗಿರುವ ಹೆಣ್ಣುಮಕ್ಕಳೇ ಜಾಸ್ತಿ. ಒಂಬತ್ತನೇ ಕ್ಲಾಸಿಗೆ ಬಂದ ತಕ್ಷಣ ಪಾಠ ಬಿಡಿಸುವುದು ಮಾತ್ರ ಅವರನ್ನೇ. ಅದನ್ನು ನಿಲ್ಲಿಸಿ ಅಂತ ತಂದೆತಾಯಿಗಳಲ್ಲಿ ಕೇಳಿಕೊಳ್ಳುತ್ತೇನೆ.

## ಆಳಕ್ಕೆ ಇಳಿದವರಿಗೆ

ಬರೆಯೋದು, ನಡೆಸೋದು ಎರಡನ್ನೂ ಒಬ್ರೇ ಮಾಡೋಕಾಗುತ್ತಾ?

ಆಗುತ್ತದೆ, ಆದರೆ ಹೊತ್ತನ್ನು ಹಂಚಿಕೊಳ್ಳಬೇಕು. ಸಂಯೋಜಕ ಮಾಲರ್ 1897ರಿಂದ 1907ರವರೆಗೆ ವಿಯೆನ್ನಾದ ಒಪೆರಾ ನಡೆಸಿದರು. ಬರೆಯಲು ಸಿಗುತ್ತಿದ್ದುದು ಬೇಸಿಗೆ ರಜೆ ಮಾತ್ರ. ಕೆರೆ ಪಕ್ಕದ ಒಂದು ಗುಡಿಸಲಿನಲ್ಲಿ ಕೂತು ಸಿಂಫನಿ ಬರೆದು, ಮಿಕ್ಕ ತಿಂಗಳಲ್ಲಿ ಅದನ್ನು ಶುದ್ಧಪ್ರತಿ ಮಾಡುತ್ತಿದ್ದರು. ನಡೆಸುವವರಿಗೆ ಬರೆಯುವುದು ಗೊತ್ತಿದ್ದರೆ ಒಂದು ಸಾಲು ಯಾಕೆ ಹಾಗಿದೆ ಅನ್ನುವುದು ಒಳಗಿನಿಂದ ತಿಳಿಯುತ್ತದೆ. ಹಾಗಾಗಿ ಸಂಯೋಜಕ ಆಗದಿದ್ದರೂ ಬರೆಯುವ ರೂಢಿ ಇಟ್ಟುಕೊಳ್ಳಿ.

ಸ್ಕೋರಲ್ಲಿ ಕ್ಲಾರಿನೆಟ್, ಹಾರ್ನ್ ಬೇರೆ ಸ್ವರದಲ್ಲಿ ಇರುತ್ತೆ. ತಲೆ ಕೆಡುತ್ತೆ.

ಕರ್ನಾಟಕ ಸಂಗೀತ ಕಲಿತವರು ಇದಕ್ಕೆ ಹೆದರಬೇಕಿಲ್ಲ. ಒಂದು ಮನೆ ಶ್ರುತಿಯವರೂ ಐದು ಮನೆ ಶ್ರುತಿಯವರೂ 'ಸ' ಅಂತಲೇ ಹಾಡುತ್ತಾರೆ, ಕೇಳುವ ಎತ್ತರ ಬೇರೆ ಅಷ್ಟೆ. ಬಿ-ಫ್ಲಾಟ್ ಕ್ಲಾರಿನೆಟ್‌ನವರು ಹಾಳೆಯಲ್ಲಿ ನೋಡುವ ಸ್ವರಕ್ಕಿಂತ ಒಂದು ಪೂರ್ಣ ಸ್ವರ ಕೆಳಗೆ ಕೇಳಿಸುತ್ತದೆ, ಎಫ್ ಹಾರ್ನ್‌ನದು ಐದನೇ ಸ್ವರದಷ್ಟು ಕೆಳಗೆ. ಮೊದಲು ಹೇಡನ್‌ರ ಸ್ಟ್ರಿಂಗ್ ಕ್ವಾರ್ಟೆಟ್ ಓದಿ, ಅದರಲ್ಲಿ ನಾಲ್ಕೇ ಸಾಲು. ಒಂದೊಂದು ಸಾಲನ್ನೂ ಹಾಡಿ. ಆಮೇಲೆ ಒಂದನ್ನು ಹಾಡುತ್ತಾ ಇನ್ನೊಂದನ್ನು ಪಿಯಾನೋದಲ್ಲಿ ನುಡಿಸಿ. ಹಳೆಯ ಸ್ಕೋರುಗಳೆಲ್ಲ ಐಎಂಎಸ್‌ಎಲ್‌ಪಿ ತಾಣದಲ್ಲಿ ಉಚಿತವಾಗಿ ಸಿಗುತ್ತವೆ. ರೆಕಾರ್ಡಿಂಗ್ ಕೇಳುವುದು ಕೊನೆಗೆ. ಮೊದಲೇ ಕೇಳಿದರೆ ಇನ್ನೊಬ್ಬರ ವೇಗ ತಲೆಯಲ್ಲಿ ಕೂತುಬಿಡುತ್ತದೆ.

ರಾಗಕ್ಕೆ ಹಾರ್ಮನಿ ಹಾಕಿದ್ರೆ ರಾಗ ಕೆಡಲ್ವಾ?

ಸುಮ್ನೆ ಕಾರ್ಡ್, ಅಂದರೆ ಒಟ್ಟಿಗೆ ನುಡಿಸುವ ಸ್ವರಗುಚ್ಛ, ಹೇರಿದರೆ ಕೆಡುತ್ತದೆ. ಶಂಕರಾಭರಣದ ಸ್ವರಗಳು ಪಾಶ್ಚಾತ್ಯರ ಮೇಜರ್ ಸ್ಕೇಲ್, ಕೀರವಾಣಿಯದು ಹಾರ್ಮೋನಿಕ್ ಮೈನರ್ ಅಂತ ಎಲ್ಲರೂ ಹೇಳುತ್ತಾರೆ. ಸ್ವರಗಳ ಪಟ್ಟಿ ಒಂದೇ ನಿಜ, ಆದರೆ ಪಟ್ಟಿಯೇ ರಾಗ ಅಲ್ಲ. ಮುತ್ತುಸ್ವಾಮಿ ದೀಕ್ಷಿತರು ಬ್ಯಾಂಡಿನ ಧಾಟಿಗಳಿಗೆ ಸಂಸ್ಕೃತ ಸಾಹಿತ್ಯ ಬರೆದು ನೋಟುಸ್ವರಗಳನ್ನು ಮಾಡಿದಾಗ ಅವುಗಳಲ್ಲಿ ಗಮಕ, ಅಂದರೆ ಸ್ವರದ ತೂಗಾಟ, ಇಡಲಿಲ್ಲ. ಅವು ಹಾರ್ಮನಿಗೆ ಒಗ್ಗುವುದು ಅದಕ್ಕೇ.

ತೋಡಿ ತೆಗೆದುಕೊಳ್ಳಿ. ಅದರ ಗಾಂಧಾರ ಒಂದು ಜಾಗದಲ್ಲಿ ನಿಲ್ಲುವುದೇ ಇಲ್ಲ, ತೂಗುತ್ತಿರುತ್ತದೆ. ಹದಿನಾರು ವಯಲಿನ್‌ಗೆ ಆ ತೂಗಾಟವನ್ನು ಬರೆದುಕೊಟ್ಟರೆ ಹದಿನಾರು ಥರ ಬರುತ್ತದೆ. ನಿಲ್ಲಿಸಿ ಬರೆದರೆ ತೋಡಿಯೇ ಇರುವುದಿಲ್ಲ. ನಾನು ಹೇಳಿಕೊಡುವುದು ಹೀಗೆ: ಗಮಕ ಇರುವ ಸಾಲನ್ನು ಒಬ್ಬ ಬಲ್ಲ ಕಲಾವಿದರಿಗೆ ಬಿಡಿ. ಚೆಲ್ಲೋ, ಬಾಸ್ ಆಧಾರ ಷಡ್ಜ ಪಂಚಮ ಹಿಡಿಯಲಿ. ಮಿಕ್ಕವರು ರಾಗದ ನಿಂತ ಸ್ವರಗಳಲ್ಲಿ ನಿಧಾನವಾದ ಎದುರು ಸಾಲು ನುಡಿಸಲಿ. ಗಾಂಧಾರ ತೂಗುವ ಹೊತ್ತಿಗೆ ಆ ಗಾಂಧಾರ ಬರುವ ಕಾರ್ಡ್ ಕೆಳಗೆ ಇರುವುದು ಬೇಡ.

ಆಕಾಶವಾಣಿಯ ವಾದ್ಯವೃಂದ 1952ರಲ್ಲಿ ದೆಹಲಿಯಲ್ಲಿ ಶುರುವಾಯಿತು. ರವಿಶಂಕರ್, ಟಿ. ಕೆ. ಜಯರಾಮ ಅಯ್ಯರ್ ಅಂಥವರು ಅದನ್ನು ನಡೆಸಿದರು. ನಮ್ಮ ವಾದ್ಯಗಳು ಗುಂಪಾಗಿ ನುಡಿದರೆ ಏನಾಗುತ್ತದೆ ಅಂತ ಅಲ್ಲಿ ಹುಡುಕಾಟ ನಡೆಯಿತು. ರವಿಶಂಕರ್ 1971ರಲ್ಲಿ ಲಂಡನ್ ಸಿಂಫನಿ ಆರ್ಕೆಸ್ಟ್ರಾ ಜೊತೆ, ಆಂಡ್ರೆ ಪ್ರೆವಿನ್ ನಡೆಸಿದ ಸಿತಾರ್ ಕನ್ಚೆರ್ಟೋ ನುಡಿಸಿದರು. ಖಮಾಜ್, ಸಿಂಧಿ ಭೈರವಿ, ಅಡಾಣಾ, ಮಾಂಜ್ ಖಮಾಜ್ ರಾಗಗಳು ಅದರಲ್ಲಿವೆ. ಸಿತಾರ್ ಎಲ್ಲಿ ತೂಗುತ್ತದೆ, ಆರ್ಕೆಸ್ಟ್ರಾ ಆಗ ಏನು ಮಾಡುತ್ತದೆ ಅನ್ನುವುದನ್ನೇ ಗಮನಿಸಿ ಕೇಳಿ.

ನಾನು ಬರೆದದ್ದನ್ನ ನುಡಿಸೋರು ಯಾರು? ಕದ್ದುಬಿಟ್ರೆ?

ಕದಿಯುವ ಭಯ ಆಮೇಲೆ. ಬರೆದ ಕ್ಷಣದಿಂದಲೇ ಹಕ್ಕು ನಿಮ್ಮದು, ನೋಂದಣಿ ಕಡ್ಡಾಯವಲ್ಲ. ಕೃತಿಸ್ವಾಮ್ಯ ಕಾಯ್ದೆಗೆ 2012ರಲ್ಲಿ ಆದ ತಿದ್ದುಪಡಿಯಿಂದ ಸಿನಿಮಾಕ್ಕೆ ಬರೆದ ಸಂಗೀತದ ರಾಯಲ್ಟಿಯಲ್ಲೂ ಸಂಯೋಜಕರ ಪಾಲು ಉಳಿಯುತ್ತದೆ. ಹೆಸರು, ತಾರೀಕು ಹಾಕಿ ಪ್ರತಿ ಇಟ್ಟುಕೊಳ್ಳಿ.

ನುಡಿಸುವವರು ಸಿಗಬೇಕಾದರೆ ಚಿಕ್ಕದು ಬರೆಯಿರಿ. ನಲವತ್ತು ನಿಮಿಷದ ಸಿಂಫನಿಯನ್ನು ಯಾರೂ ತೆರೆದು ನೋಡುವುದಿಲ್ಲ. ನಾಲ್ಕು ವಾದ್ಯಕ್ಕೆ ಐದು ನಿಮಿಷದ್ದು ಬರೆದರೆ ನುಡಿಸಿ ನೋಡೋಣ ಅನ್ನುವವರಿದ್ದಾರೆ. ಸ್ವರಲಿಪಿ ಬರೆಯುವ ಮ್ಯೂಸ್‌ಸ್ಕೋರ್ ತಂತ್ರಾಂಶ ಉಚಿತ, ಅದರಲ್ಲೇ ಬರೆಯಿರಿ. ಆದರೆ ಕಂಪ್ಯೂಟರ್ ನುಡಿಸಿದ್ದನ್ನು ನಂಬಬೇಡಿ, ಅದಕ್ಕೆ ಉಸಿರು ಕಟ್ಟುವುದಿಲ್ಲ. ಪ್ರತಿಯೊಬ್ಬರ ಹಾಳೆಯನ್ನೂ ಬೇರೆಯಾಗಿ, ದೊಡ್ಡದಾಗಿ ಅಚ್ಚು ಹಾಕಿಸಿ. ಎಷ್ಟನೇ ಆವರ್ತ ಅನ್ನುವ ಬಾರ್ ಸಂಖ್ಯೆ ಇರಲಿ, ಇಲ್ಲದಿದ್ದರೆ ರಿಹರ್ಸಲ್‌ನ ಅರ್ಧ ಹೊತ್ತು ಎಲ್ಲಿಂದ ಅಂತ ಹುಡುಕುವುದಕ್ಕೇ ಹೋಗುತ್ತದೆ. ಪುಟ ತಿರುಗಿಸುವ ಜಾಗದಲ್ಲಿ ವಾದಕರಿಗೆ ಬಿಡುವಿದೆಯಾ ನೋಡಿ. ಕಮಾನಿನ ಗುರುತುಗಳನ್ನು ವಯಲಿನ್ ಬಲ್ಲವರಿಗೆ ಮೊದಲೇ ತೋರಿಸಿ. ಹಾಳೆ ಅಚ್ಚುಕಟ್ಟಾಗಿದ್ದರೆ ಎರಡನೇ ಸಲ ಕೇಳಿದಾಗಲೂ ಬರುತ್ತಾರೆ.